ನಮ್ಮ ಪರಿಚಯದವರೊಬ್ಬರಿಗೆ

ನಮ್ಮ ಅಪ್ಪಯ್ಯನನ್ನು ಒಂದು ಮಾತು ಕೇಳದೆ ನಮ್ಮ ಊರಿನಲ್ಲಿ ಯಾರೂ ಎಮ್ಮೆ ಮಾರುತ್ತಿರಲಿಲ್ಲ, ಹೆಣ್ಣು ಕೊಡುತ್ತಿರಲಿಲ್ಲ, ಅಣ್ಣತಮ್ಮಂದಿರು ಪಾಲಾಗುತ್ತಿರಲಿಲ್ಲ. ಊರೆಂದರೆ ರಿಪ್ಪನ್‌ಪೇಟೆಯಿಂದ ಮೂರು ಮೈಲಿ ಒಳಗೆ, ಹತ್ತು ಹನ್ನೆರಡು ಮನೆಗಳ ಹಳ್ಳಿ. ಸುತ್ತಲಿನ ಹಳ್ಳಿಗಳಿಂದಲೂ ಜನ ಬರುತ್ತಿದ್ದರು. ಅಪ್ಪಯ್ಯ ಓದಿದ್ದು ನಾಲ್ಕನೇ ಕ್ಲಾಸು. ಗದ್ದೆ ಬೇಸಾಯ ಬಿಟ್ಟರೆ ಬೇರೆ ವಿದ್ಯೆ ಇರಲಿಲ್ಲ. ಆದರೆ ಕೇಳಿಸಿಕೊಳ್ಳುವುದು ಗೊತ್ತಿತ್ತು. ಬಂದವರು ಜಗಲಿಯ ಮೇಲೆ ಕೂತು ತಮ್ಮ ಕಷ್ಟ ಹೇಳಿ ಮುಗಿಸುವವರೆಗೆ ನಡುವೆ ಬಾಯಿ ಹಾಕುತ್ತಿರಲಿಲ್ಲ. ಮುಗಿದ ಮೇಲೆ ಒಂದು ಎಲೆ ಹಾಕಿಕೊಂಡು, ಅಂಗಳ ನೋಡುತ್ತಾ ಸುಮ್ಮನಿದ್ದು, "ನೋಡು, ನಂಗೆ ಕಾಣೋದು ಹಿಂಗೆ" ಎಂದು ಶುರು ಮಾಡುತ್ತಿದ್ದರು.

ಅವ್ವ ಒಳಗಿನಿಂದ ಗೊಣಗುತ್ತಿದ್ದಳು: "ಊರೋರ ಮನೆ ಒಲೆಗೆಲ್ಲ ಇವ್ರೇ ಊದಬೇಕು." ಗೊಣಗಿದರೂ ಬಂದವರಿಗೆ ಬೆಲ್ಲ ನೀರು ಕೊಡುವುದನ್ನು ಮರೆಯುತ್ತಿರಲಿಲ್ಲ. ಅವಳಿಗೂ ಹೆಮ್ಮೆಯೇ. ನನಗಂತೂ ನಮ್ಮ ಅಪ್ಪಯ್ಯನಿಗೆ ತಿಳಿಯದ ವಿಷಯ ಲೋಕದಲ್ಲಿಲ್ಲ ಎನ್ನಿಸುತ್ತಿತ್ತು.

ನನಗೆ ಹತ್ತು ಹನ್ನೊಂದು ವರ್ಷವಿದ್ದಾಗ ಕೆರೆಯಾಚೆ ಮನೆಯ ಅಣ್ಣತಮ್ಮಂದಿರಿಬ್ಬರು ಬಂದಿದ್ದರು. ಅವರ ಹಿರಿಯಣ್ಣನಿಗೆ ದೊಡ್ಡ ರೋಗ ಬಂದಿತ್ತು. ಕುಷ್ಠವನ್ನು ನಮ್ಮ ಕಡೆ ಹೆಸರು ಹಿಡಿದು ಹೇಳುತ್ತಿರಲಿಲ್ಲ, ದೊಡ್ಡ ರೋಗ ಎನ್ನುತ್ತಿದ್ದರು. ಆ ಹಿರಿಯಣ್ಣನ ಹೆಂಡತಿಯೂ ಬಂದಿದ್ದಳು. ಜಗಲಿ ಹತ್ತದೆ, ತಲೆ ಮೇಲೆ ಸೆರಗು ಹೊದ್ದು ಅಂಗಳದಲ್ಲೇ ನಿಂತಿದ್ದಳು. ಅಪ್ಪಯ್ಯ ಎಂದಿನಂತೆ ಸುಮ್ಮನಿದ್ದು ಹೇಳಿದರು: "ಮಕ್ಕಳಿರೋ ಮನೆ. ಅವನನ್ನ ಬೇರೆ ಇಡೋದೇ ಸರಿ. ಗದ್ದೆ ತುದೀಲಿ ಒಂದು ಗುಡ್ಲು ಹಾಕ್ಕೊಡಿ. ಬಾವಿ ಮುಟ್ಟೋದು ಬೇಡ. ಆದ್ರೆ ಊಟ ಮಾತ್ರ ಒಂದ್ ಹೊತ್ತೂ ತಪ್ಪಿಸ್ಬೇಡಿ." ಆ ಕೊನೆಯ ಮಾತನ್ನು ಊರೆಲ್ಲ ಕೊಂಡಾಡಿತು. ಬೇರೆಯವರಾಗಿದ್ದರೆ ಊರು ಬಿಟ್ಟು ಓಡಿಸಿ ಎನ್ನುತ್ತಿದ್ದರು, ಇವರು ಧರ್ಮ ಹೇಳಿದರು ಎಂದರು. ಆ ಮನುಷ್ಯ ಎರಡು ವರ್ಷದ ಹತ್ತಿರ ಗುಡಿಸಲಿನಲ್ಲಿದ್ದ. ಹೆಂಡತಿ ಒಂದು ಕಲ್ಲಿನ ಮೇಲೆ ಅನ್ನ ಇಟ್ಟು ಬರುತ್ತಿದ್ದಳು. ನಾವು ಸ್ಕೂಲಿಗೆ ಹೋಗುವಾಗ ಅಲ್ಲಿ ಉಸಿರು ಬಿಗಿಹಿಡಿದು ಓಡುತ್ತಿದ್ದೆವು. ಒಂದು ಬೇಸಿಗೆಯಲ್ಲಿ ಅವನು ತೀರಿಕೊಂಡ. ಗುಡಿಸಲನ್ನು ಸುಟ್ಟರು.

ಅದಾಗಿ ಐದಾರು ವರ್ಷ ಕಳೆದಿತ್ತು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ರಿಪ್ಪನ್‌ಪೇಟೆಯಲ್ಲಿ ಮಿಡ್ಲ್ ಸ್ಕೂಲು ಮುಗಿಸಿ ಮನೆಯಲ್ಲಿದ್ದೆ. ನನಗೆ ಹದಿನೇಳು, ತಂಗಿಗೆ ಹದಿಮೂರು. ಒಂದು ಸಂಜೆ ಅಪ್ಪಯ್ಯ ಬಚ್ಚಲ ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಸೌದೆ ಒಳಗೆ ತಳ್ಳುತ್ತಿದ್ದರು. ನಾನು ಹಂಡೆಗೆ ನೀರು ಹೊಯ್ಯುತ್ತಿದ್ದೆ. ಚರ್ಮ ಸುಟ್ಟ ವಾಸನೆ ಬಂತು. ಬಗ್ಗಿ ನೋಡಿದರೆ ಅವರ ಎಡಗೈ ಒಲೆಯಿಂದ ಉದುರಿದ ಕೆಂಡದ ಮೇಲೆ ಊರಿದೆ, ಅವರು ಏನೋ ಯೋಚಿಸುತ್ತಾ ಬೆಂಕಿಯನ್ನೇ ನೋಡುತ್ತಿದ್ದಾರೆ.

"ಅಪ್ಪಯ್ಯಾ, ಕೈ!" ಎಂದು ಕಿರುಚಿದೆ.

ಕೈ ಎತ್ತಿ, ಬೇರೆ ಯಾರದೋ ಕೈಯನ್ನು ನೋಡುವ ಹಾಗೆ ನೋಡಿಕೊಂಡರು. ಅವ್ವ ಓಡಿ ಬಂದಳು. ಗಾಯಕ್ಕೆ ಎಣ್ಣೆ ಹಚ್ಚಲು ಅಂಗಿಯ ತೋಳು ಮೇಲೆ ಸರಿಸಿದಳು. ಮೊಣಕೈ ಕೆಳಗೆ ಒಂದು ಬಿಳಿಚಿದ ಮಚ್ಚೆ ಇತ್ತು. ವರ್ಷದಿಂದ ಇತ್ತು, ಬಿಸಿಲಿಗೆ ಆಗಿದ್ದು ಎಂದು ಅಪ್ಪಯ್ಯ ಹೇಳುತ್ತಿದ್ದರು. ಅವ್ವ ಸೆರಗಿನ ಪಿನ್ನು ಬಿಚ್ಚಿದಳು. ಅಪ್ಪಯ್ಯ ಗೋಡೆಯ ಕಡೆ ಮುಖ ಮಾಡಿದ್ದರು. ಅವಳು ಮಚ್ಚೆಯ ಮೇಲೆ ಒಂದು ಸಲ ಚುಚ್ಚಿದಳು. ಎರಡು ಸಲ, ಮೂರು ಸಲ. ಸಣ್ಣಗೆ ರಕ್ತ ಬಂತು.

"ಎಂತ ನೋಡ್ತಿದೀಯ?" ಎಂದು ಕೇಳಿದರು ಅಪ್ಪಯ್ಯ.

ಅವ್ವ ಬಚ್ಚಲ ಒದ್ದೆ ಕಲ್ಲಿನ ಮೇಲೆ ಹಾಗೇ ಕೂತುಬಿಟ್ಟಳು.

ಮಾರನೆಯ ದಿನದಿಂದ ಅಪ್ಪಯ್ಯನ ಬಟ್ಟಲು, ಚೊಂಬು, ಚಾಪೆ ಬೇರೆಯಾದವು. ಬೇರೆ ಮಾಡಿಕೊಂಡವರು ಅವರೇ. ತಂಗಿಗೆ ವ್ರತ ಎಂದು ಹೇಳಿದರು. ಜಗಲಿಗೆ ಜನ ಬರುವುದು ನಿಲ್ಲಲಿಲ್ಲ. ಅಪ್ಪಯ್ಯ ಒಂದು ತುದಿಯಲ್ಲಿ ಗೋಡೆಗೊರಗಿ ಕೂತು, ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡು, "ಎಲೆ ನೀವೇ ತಗಳ್ಳಿ" ಎನ್ನುತ್ತಿದ್ದರು. ಹೇಳುವ ಮಾತೂ ಅರ್ಧಕ್ಕೆ ನಿಲ್ಲುತ್ತಿತ್ತು. ಬಂದವರು ಗೌಡರಿಗೆ ಮೈ ಸರಿಯಿಲ್ಲವೇನೋ ಎಂದುಕೊಂಡು ಎದ್ದು ಹೋಗುತ್ತಿದ್ದರು.

"ಯಾರನ್ನಾದ್ರೂ ಕೇಳ್ಬೇಕಲ್ಲ" ಎಂದಳು ಅವ್ವ.

"ಯಾರನ್ನ ಕೇಳದು?" ಎಂದರು ಅಪ್ಪಯ್ಯ.

ನಾನು ಯೋಚಿಸಿ ನೋಡಿದೆ. ಕೇಳಬಹುದಾದವರೆಲ್ಲ ಇವರನ್ನೇ ಕೇಳಲು ಬರುವವರು. ಕೇಳಿದ ಗಳಿಗೆಗೆ ವಿಷಯ ಹೊರಗೆ ಬಿದ್ದ ಹಾಗೆ. ಆಗ ನನ್ನ ಮದುವೆಯ ಮಾತು ಬೇರೆ ನಡೆಯುತ್ತಿತ್ತು. ತೀರ್ಥಹಳ್ಳಿ ಹತ್ತಿರದ ಒಂದು ಮನೆ. ಅವ್ವನ ಅಣ್ಣ, ನಮ್ಮ ಮಾವ, ತಂದ ಸಂಬಂಧ. ಅವರು ಬಂದು ನನ್ನನ್ನು ನೋಡಿ ಒಪ್ಪಿದ್ದರು. ವೀಳ್ಯ ಬದಲಾಯಿಸುವುದೊಂದು ಬಾಕಿ.

ಕೊನೆಗೆ ಅಪ್ಪಯ್ಯ ಒಂದು ದಾರಿ ಹುಡುಕಿದರು. ಮದುವೆಯ ಮಾತಿನ ನೆಪದಲ್ಲಿ ನನ್ನನ್ನು ಕರೆದುಕೊಂಡು ತೀರ್ಥಹಳ್ಳಿಯ ಮಾವನ ಮನೆಗೆ ಹೋದರು. ಮಾವ ಕೋರ್ಟು ಕಚೇರಿ ಓಡಾಡಿ ತಿಳಿದವರು, ಪೇಪರು ತರಿಸುತ್ತಿದ್ದವರು. ನಾನು ಒಳಗೆ ಅತ್ತೆಯ ಜೊತೆ ಹಲಸಿನ ಹಪ್ಪಳ ಒತ್ತುತ್ತಾ ಕೂತಿದ್ದೆ. ಹೊರಗಿನ ಮಾತು ಕೇಳುತ್ತಿತ್ತು.

"ಭಾವ, ನಮ್ಮ ಪರಿಚಯದವರೊಬ್ಬರಿಗೆ ದೊಡ್ಡ ರೋಗ ಕಾಣಿಸ್ಕಂಡಿದೆ. ನನ್ನ ಕೇಳಕ್ಕೆ ಬಂದಿದ್ರು. ಎಂತ ಹೇಳದು ಅಂತ ತಿಳೀಲಿಲ್ಲ."

ಮಾವ ನಕ್ಕರು. "ನಿಮಗೆ ತಿಳೀದಿದ್ದು ನಂಗೆ ತಿಳೀತದಾ? ಕೆರೆಯಾಚೆ ಮನೆಯವ್ರಿಗೆ ನೀವು ಆವತ್ತು ಎಂಥ ಮಾತು ಹೇಳಿದ್ರಿ. ಅದನ್ನೇ ಇವ್ರಿಗೂ ಹೇಳಿ."

"ಇವಂಗೆ ಮದುವೆಗೆ ಬಂದ ಹೆಣ್ಮಕ್ಳಿದಾವೆ."

"ಹಂಗಾದ್ರೆ ಇನ್ನೂ ಬೇಗ ಆಗ್ಬೇಕು ಭಾವ. ಊರೋರ ಕಣ್ಣಿಗೆ ಬೀಳೋ ಮೊದ್ಲೇ ಅವನು ಎಲ್ಲಾದ್ರೂ ದೂರ ಹೋಗ್ಬಿಡದು ಒಳ್ಳೇದು. ಗೊತ್ತಾದ್ರೆ ಆ ಮನೆ ಹೆಣ್ಣನ್ನ ಯಾರು ತರ್ತಾರೆ? ಮಕ್ಕಳ ಮೇಲೆ ಪ್ರೀತಿ ಇರೋನಾದ್ರೆ ಅವನೇ ಹೋಗ್ತಾನೆ, ಯಾರೂ ಹೇಳದು ಬೇಡ."

ಅತ್ತೆ ಕಾಫಿ ಕಳಿಸಿದರು. ಹೊಟ್ಟೆ ಸರಿಯಿಲ್ಲವೆಂದು ಅಪ್ಪಯ್ಯ ಲೋಟ ಮುಟ್ಟಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ, ಮೈ ಹಿಡಿ ಮಾಡಿಕೊಂಡು ಕೂತರು. ಪಕ್ಕದ ನನಗೆ ತಾಗಬಾರದೆಂದು. "ನಿನ್ನ ಮಾವ ತಿಳಿದೋರು" ಎಂದಷ್ಟೇ ಹೇಳಿದರು.

ಸಾಗರದ ಪೇಟೆಯಲ್ಲಿ ಚರ್ಮದ ಕಾಯಿಲೆಗಳಿಗೆ ಔಷಧಿ ಕೊಡುವ ಡಾಕ್ಟರೊಬ್ಬರಿದ್ದಾರೆಂದು ಅವ್ವ ಯಾರಿಂದಲೋ ಕೇಳಿ ತಿಳಿದಿದ್ದಳು. ಅವಳ ಒತ್ತಾಯಕ್ಕೆ ಅಪ್ಪಯ್ಯ ಅಲ್ಲಿಗೂ ಹೊರಟರು. ಒಬ್ಬರೇ ಹೋದರೆ ಊರಿನಲ್ಲಿ ಯಾಕೆ ಎಂದು ಕೇಳುತ್ತಾರೆ. ಮಗಳ ಕಣ್ಣು ತೋರಿಸಬೇಕು, ಹಾಗೇ ವರದಹಳ್ಳಿಗೆ ಹೋಗಿ ಬರುತ್ತೇವೆ ಎಂದು ಹೇಳಿ ನನ್ನನ್ನು ಕರೆದುಕೊಂಡರು.

ಡಾಕ್ಟರು ಸಣ್ಣ ವಯಸ್ಸಿನವರು. ಅಪ್ಪಯ್ಯ ಕುರ್ಚಿಯಲ್ಲಿ ಕೂರದೆ, ನಿಂತುಕೊಂಡೇ ಅದೇ ಮಾತು ಶುರು ಮಾಡಿದರು. "ನಮ್ಮ ಪರಿಚಯದವರೊಬ್ಬರಿಗೆ..." ಡಾಕ್ಟರು ಪೂರ್ತಿ ಕೇಳಿದರು. ನಡುವೆ ಬಾಯಿ ಹಾಕಲಿಲ್ಲ. ಕೇಳುತ್ತಾ ಅವರ ಕಣ್ಣು ಅಪ್ಪಯ್ಯನ ಕೈಗೆ ಸುತ್ತಿದ್ದ ಬಟ್ಟೆಯ ಮೇಲೇ ಇತ್ತು.

"ಅವರ ಕೈ ಏನಾದರೂ ಸುಟ್ಟಿದೆಯಾ?" ಎಂದು ಕೇಳಿದರು.

ಅಪ್ಪಯ್ಯ ಆ ಕೈಯನ್ನು ಬೆನ್ನ ಹಿಂದೆ ತೆಗೆದುಕೊಂಡರು.

"ನೋಡಿ ಯಜಮಾನರೇ, ನೋಡದೆ ನಾನು ಏನೂ ಹೇಳೋ ಹಾಗಿಲ್ಲ. ಅವರನ್ನ ಕರ್ಕೊಂಡು ಬನ್ನಿ. ಅದೇ ಕಾಯಿಲೆ ಆಗಿದ್ರೂ ಈಗ ಮಾತ್ರೆ ಇದೆ. ಕೆಲವು ವರ್ಷ ಬಿಡದೆ ತಗೋಬೇಕು. ಮನೆ ಬಿಟ್ಟು ಹೋಗೋ ಕಾಯಿಲೆ ಅಲ್ಲ ಅದು ಈಗ. ಅವರಿಗೆ ಹೇಳ್ತೀರಾ?"

"ಹೇಳ್ತೀನಿ" ಎಂದರು ಅಪ್ಪಯ್ಯ. ಬಾಗಿಲವರೆಗೆ ಹೋಗಿ ನಿಂತರು. ತಿರುಗಿ ಡಾಕ್ಟರ ಮುಖ ನೋಡಿದರು. ಕೈಯ ಬಟ್ಟೆಯ ಗಂಟಿಗೆ ಬೆರಳು ಹಾಕಿದ್ದನ್ನೂ ನಾನು ಕಂಡೆ. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಬಿಚ್ಚುತ್ತಿದ್ದರು ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ಅಷ್ಟರಲ್ಲಿ ಹೊರಗಿನ ಬೆಂಚಿನಿಂದ ಒಬ್ಬ ಹೆಂಗಸು, "ಓ, ಬೀಗರು! ಇಲ್ಲೆಂತ?" ಎಂದಳು. ಗಂಡಿನ ಸೋದರತ್ತೆ. ನನ್ನನ್ನು ನೋಡಲು ಬಂದವರಲ್ಲಿ ಅವಳೂ ಇದ್ದಳು. ಮೊಮ್ಮಗುವಿನ ಕಜ್ಜಿಗೆ ಔಷಧಿಗೆಂದು ಬಂದಿದ್ದಳಂತೆ. ಅವಳು ಒಮ್ಮೆ ಅಪ್ಪಯ್ಯನನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು.

ಚರ್ಮದ ಡಾಕ್ಟರ ಬಾಗಿಲಲ್ಲಿ ನಿಂತು ಕಣ್ಣಿನ ನೆಪ ಹೇಳುವ ಹಾಗಿರಲಿಲ್ಲ. ಅಪ್ಪಯ್ಯನ ಬಾಯಿಂದ ಬಂತು: "ಮಗಳಿಗೆ ಎಂತದೋ ಸ್ವಲ್ಪ... ತುರಿಕೆ. ತೋರ್ಸನ ಅಂತ."

ಅವಳು ನನ್ನ ಮುಖ, ಕೈ, ಕತ್ತು ಎಲ್ಲ ಒಂದು ಸಲ ನೋಡಿ, "ಹೌದಾ" ಎಂದಳು. ಮೊಮ್ಮಗುವನ್ನು ಸ್ವಲ್ಪ ಆಚೆ ಎಳೆದುಕೊಂಡಳು.

ಬೀದಿಗೆ ಬಂದ ಮೇಲೆ ಅಪ್ಪಯ್ಯ, "ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ ಮಗಾ" ಎಂದರು. ವರದಹಳ್ಳಿಗೆ ಹೋದೆವು. ಅಲ್ಲಿ ಬಂದವರೆಲ್ಲ ತೀರ್ಥದ ನೀರಿಗೆ ಕೈಯೊಡ್ಡಿ ಕುಡಿಯುತ್ತಿದ್ದರು. ನಾನೂ ಕುಡಿದೆ. ಅಪ್ಪಯ್ಯ ದೂರದಲ್ಲಿ, ಎರಡು ಕೈಯನ್ನೂ ಶಾಲಿನೊಳಗೆ ಇಟ್ಟುಕೊಂಡು ನಿಂತಿದ್ದರು. ಬೊಗಸೆಯಲ್ಲಿ ತಂದುಕೊಡಲಾ ಎಂದು ಕೇಳಬಹುದಿತ್ತು. ನನಗೆ ಸಿಟ್ಟು ಬಂದಿತ್ತು, ಕೇಳಲಿಲ್ಲ. ಬಂದ ದಾರಿಗೆ ಸುಂಕವಿಲ್ಲ ಎಂಬಂತೆ ಹಿಂತಿರುಗಿದೆವು.

ಹತ್ತು ಹದಿನೈದು ದಿನಕ್ಕೆ ಗಂಡಿನ ಕಡೆಯಿಂದ ಮಾವನಿಗೆ ಹೇಳಿಕಳಿಸಿದರು. ಜಾತಕ ಮತ್ತೊಮ್ಮೆ ನೋಡಿಸಿದೆವು, ಕೂಡಿಬರಲಿಲ್ಲ ಎಂದು. ಕೂಡಿಬರದಿದ್ದುದು ಏನೆಂದು ಮಾವನಿಗೆ ಬೇರೆ ಕಡೆಯಿಂದ ತಿಳಿಯಿತು. ಅತ್ತೆಯನ್ನು ಕರೆದುಕೊಂಡು ಮಧ್ಯಾಹ್ನದ ಬಸ್ಸಿಗೆ ನಮ್ಮ ಮನೆಗೆ ಬಂದರು. ಬಂದವರು ನೀರೂ ಕುಡಿಯದೆ, "ಹುಡುಗಿಗೆ ಎಂತ ಆಗಿದೆ ಅಂತ ನಮ್ಮತ್ರನಾದ್ರೂ ನಿಜ ಹೇಳಿ" ಎಂದರು. ಅವ್ವ ಅಳುತ್ತಾ ನಿಂತಳು.

ಅತ್ತೆ ನನ್ನನ್ನು ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಕಿಟಕಿಯ ಬೆಳಕಿಗೆ ನಿಲ್ಲಿಸಿ ರವಿಕೆ ಬಿಚ್ಚಿಸಿದರು. ಬೆನ್ನು, ತೋಳು, ತೊಡೆ, ಕಿವಿಯ ಹಿಂದೆ, ಬೆರಳಿನ ಸಂದಿ, ಎಲ್ಲ ಕಡೆ ನೋಡಿದರು. ಅವರು ಒಳ್ಳೆಯವರೇ. ನೋಡುವಾಗ ಅವರ ಕಣ್ಣಲ್ಲೂ ನೀರಿತ್ತು. ಆದರೆ ನಾನು ಹಸುವಿನ ಹಾಗೆ ತಿರುಗಿ ತಿರುಗಿ ನಿಂತೆ. ಅಂದಿನ ನಾಚಿಕೆ ನನ್ನ ಮೈಯಿಂದ ಪೂರ್ತಿಯಾಗಿ ಎಂದೂ ಹೋಗಲಿಲ್ಲ.

"ಎಂತದೂ ಇಲ್ಲ" ಎಂದು ಅತ್ತೆ ಹೊರಗೆ ಹೋಗಿ ಹೇಳಿದರು.

ಆಗ ಜಗಲಿಯ ತುದಿಯಿಂದ ಅಪ್ಪಯ್ಯ ಹೇಳಿದರು: "ಅವಳಿಗಲ್ಲ ಭಾವ. ನಂಗೆ."

ಮಾವ ಕೂತಿದ್ದ ಚಾಪೆಯನ್ನು ತಮಗೇ ಗೊತ್ತಿಲ್ಲದ ಹಾಗೆ ಒಂದಿಷ್ಟು ಹಿಂದಕ್ಕೆ ಸರಿಸಿಕೊಂಡರು. ಅಪ್ಪಯ್ಯನೂ ಅದನ್ನು ನೋಡಿದರು. ತಂಗಿಯನ್ನು ಅತ್ತೆ ಹಿತ್ತಿಲಿಗೆ ಕರೆದುಕೊಂಡು ಹೋದರು. ನಾವು ನಾಲ್ಕು ಜನ ಉಳಿದೆವು.

"ನಾನು ಎಲ್ರಿಗೂ ಹೇಳ್ಬಿಡ್ತೀನಿ" ಎಂದರು ಅಪ್ಪಯ್ಯ. "ಮಗಳ ಮೇಲೆ ಬಂದ ಮಾತು ಹೋಗ್ಲಿ."

"ಹೇಳಿದ್ರೆ ಇಬ್ರೂ ಹೆಣ್ಮಕ್ಳದ್ದೂ ಹೋಗ್ತದೆ" ಎಂದರು ಮಾವ. "ಈಗ ಒಬ್ಬಳ ಮೇಲೆ ಒಂದು ಗಾಳಿಮಾತು ಇದೆ. ನೀವು ಬಾಯಿ ಬಿಟ್ರೆ ಅದು ಮನೆತನದ್ದೇ ಆಗ್ತದೆ."

"ಡಾಕ್ಟ್ರು ಮಾತ್ರೆ ಇದೆ ಅಂದ್ರಂತಲ್ಲ ಅಣ್ಣಯ್ಯ" ಎಂದಳು ಅವ್ವ.

"ಮಾತ್ರೆಗೆ ಸಾಗರಕ್ಕೆ ಹೋಗ್ಬೇಕಲ್ಲ. ಒಂದ್ಸಲ ಹೋಗಿದ್ದಕ್ಕೇ ಹಿಂಗಾಯ್ತು. ವರ್ಷಗಟ್ಲೆ ಹೋಗಿ ಬಂದ್ರೆ ಯಾರಿಗೆ ಗೊತ್ತಾಗಲ್ಲ? ಘಟ್ಟದ ಕೆಳಗೆ ಇಂಥವ್ರಿಗೇ ಅಂತ ಒಂದು ಆಸ್ಪತ್ರೆ ಇದೆಯಂತೆ. ಅಲ್ಲೇ ಇಟ್ಕಂಡು ಔಷಧಿ ಕೊಡ್ತಾರೆ. ನಾನು ವಿಚಾರಿಸ್ತೀನಿ. ಊರಲ್ಲಿ ಕಾಶಿಯಾತ್ರೆ ಅಂತ ಹೇಳನ."

ಅಪ್ಪಯ್ಯ ನನ್ನ ಕಡೆ ತಿರುಗಿದರು. ಅಲ್ಲಿಯವರೆಗೆ ಯಾವ ವಿಷಯಕ್ಕೂ ಅವರು ನನ್ನನ್ನು ಕೇಳಿದವರಲ್ಲ.

"ನೀ ಎಂತ ಹೇಳ್ತೀಯ ಮಗಾ?"

ಕೋಣೆಯಿಂದ ಬಂದು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಆ ಬೆಂಚಿನ ಹೆಂಗಸು ನನ್ನ ಕತ್ತು ನೋಡಿದ್ದು ಕಣ್ಣ ಮುಂದಿತ್ತು. ಡಾಕ್ಟರು ಹೇಳಿದ ಮಾತನ್ನು ಕಿವಿಯಾರೆ ಕೇಳಿದವಳು ನಾನು. ಮನೆ ಬಿಟ್ಟು ಹೋಗುವ ಕಾಯಿಲೆಯಲ್ಲ ಎಂದಿದ್ದರು. ಅದನ್ನು ಹೇಳಬೇಕಾದವಳು ನಾನು.

"ಮಾವ ಹೇಳಿದಂಗೆ ಮಾಡಿ" ಎಂದೆ.

ಅಪ್ಪಯ್ಯ ತಲೆಯಾಡಿಸಿದರು. ಎಷ್ಟೋ ಜನ ಇದೇ ಜಗಲಿಯಲ್ಲಿ ಅವರ ಮಾತು ಕೇಳಿ ತಲೆಯಾಡಿಸಿ ಎದ್ದು ಹೋಗುವುದನ್ನು ನಾನು ನೋಡಿದ್ದೆ.

ಒಂದು ವಾರದಲ್ಲಿ ಹೊರಟರು. ಊರಿನವರು ಕಾಶಿಗೆ ಹೋಗುವವರೆಂದು ಕಾಲಿಗೆ ಬೀಳಲು ಬಂದರು. ಅಪ್ಪಯ್ಯ ಹಿಂದೆ ಹಿಂದೆ ಸರಿದು, "ಬೇಡ, ಬೇಡ, ದೂರದಿಂದಲೇ ಸಾಕು" ಎಂದರು. ಬಸ್ಸಿಗೆ ಹೊರಟಾಗ ದಾರಿಯಲ್ಲಿ ಒಬ್ಬ ತಡೆದು, ಗಬ್ಬದ ಎಮ್ಮೆ ಮಾರಲೋ ಇಟ್ಟುಕೊಳ್ಳಲೋ ಎಂದು ಕೇಳಿದ. "ಇಟ್ಕ" ಎಂದರು. ಅವರು ನಮ್ಮೂರಿನಲ್ಲಿ ಕೊಟ್ಟ ಕೊನೆಯ ಸಲಹೆ ಅದು.

ಆಸ್ಪತ್ರೆಯಿಂದ ಎರಡು ತಿಂಗಳಿಗೊಂದು ಇನ್‌ಲ್ಯಾಂಡ್ ಕಾಗದ ಬರುತ್ತಿತ್ತು. ಮಾವನ ವಿಳಾಸಕ್ಕೆ ಬಂದು, ಅಲ್ಲಿಂದ ನಮಗೆ. ಮಾತ್ರೆ ತಿನ್ನುತ್ತಿದ್ದೇನೆ, ಊಟ ಚೆನ್ನಾಗಿದೆ, ಮಕ್ಕಳು ಹೇಗಿದ್ದಾರೆ. ಅಷ್ಟೇ. ನನಗೆ ಮತ್ತೆ ಸಂಬಂಧ ಬರಲಿಲ್ಲ. ನಾನು ಟ್ರೇನಿಂಗ್ ಮುಗಿಸಿ ಹೊಸನಗರದ ಕಡೆಯ ಪ್ರೈಮರಿ ಸ್ಕೂಲೊಂದರಲ್ಲಿ ಟೀಚರಾದೆ. ಗದ್ದೆಯನ್ನು ಮಾವ ನೋಡಿಸುತ್ತಿದ್ದರು.

ಮೂರನೆಯ ವರ್ಷ ಒಂದು ಉದ್ದದ ಕಾಗದ ಬಂತು. ನಾನೇ ಅವ್ವನಿಗೆ ಓದಿ ಹೇಳಿದೆ. "ಇನ್ನು ನನ್ನಿಂದ ಯಾರಿಗೂ ತಗಲುವುದಿಲ್ಲವೆಂದು ಇಲ್ಲಿಯ ಡಾಕ್ಟರು ಬರೆದುಕೊಟ್ಟಿದ್ದಾರೆ. ಮಾತ್ರೆಯನ್ನು ಮನೆಯಲ್ಲೇ ಇದ್ದು ತೆಗೆದುಕೊಳ್ಳಬಹುದಂತೆ. ಎಡಗೈಯ ಎರಡು ಬೆರಳು ಮಡಚಿಕೊಂಡಿರುವುದು ಬಿಟ್ಟರೆ ಬೇರೇನಿಲ್ಲ. ನಾನು ಬರಬಹುದೋ ಹೇಗೋ, ಎಲ್ಲರೂ ಕೂತು ಯೋಚಿಸಿ ತಿಳಿಸಿ. ಕಷ್ಟವಾಗುವುದಾದರೆ ಒತ್ತಾಯವಿಲ್ಲ."

ಎಲ್ಲರೂ ಕೂತೆವು. ಮಾವ ಬಂದರು. ತಂಗಿಗೆ ಆಗ ಒಂದು ಒಳ್ಳೆಯ ಕಡೆಯಿಂದ ಮಾತು ಬಂದಿತ್ತು. ಕೈಬೆರಳು ಮಡಚಿದ ಮನುಷ್ಯ ಜಗಲಿಯಲ್ಲಿ ಕೂತರೆ ಬೀಗರು ಏನು ಕೇಳುತ್ತಾರೆ ಎಂದರು ಮಾವ. ಅವರ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ಅದೇ ಅದರ ಕಷ್ಟ. ಅವ್ವ, "ನಂಗೆ ಅವ್ರನ್ನ ನೋಡ್ಬೇಕು" ಎಂದಳು. ಸ್ವಲ್ಪ ತಡೆದು, "ಆದ್ರೆ ಈಗ್ಲೇ ಬೇಡ. ಇವಳದೊಂದು ಆಗ್ಲಿ" ಎಂದಳು. ಬರೆಯಲು ಕೂತವಳು ನಾನು. ಅವ್ವನಿಗೆ ಓದಲು ಬರುತ್ತಿರಲಿಲ್ಲ. ಬನ್ನಿ ಎಂದು ಬರೆದಿದ್ದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ನಾನು ಅವಳು ಹೇಳಿದ್ದನ್ನೇ, ಮಕ್ಕಳಿಗೆ ಕಾಪಿ ಬರೆದುಕೊಡುವ ದುಂಡು ಅಕ್ಷರದಲ್ಲಿ, ಒಂದು ತಪ್ಪಿಲ್ಲದೆ ಬರೆದೆ.

ಉತ್ತರ ಒಂದೇ ಸಾಲು. "ನೀವು ಯೋಚಿಸಿದ್ದು ಸರಿಯಾಗಿದೆ."

ತಂಗಿಯ ಮದುವೆಯಾಯಿತು. ಧಾರೆಯನ್ನು ಮಾವ ಅತ್ತೆ ಎರೆದುಕೊಟ್ಟರು. ಕಾಶಿಗೆ ಹೋದವರು ಅಲ್ಲೇ ಒಂದು ಮಠದಲ್ಲಿ ಉಳಿದಿದ್ದಾರೆಂದು ಬೀಗರಿಗೆ ಹೇಳಿದ್ದೆವು. ಮದುವೆಯಾದ ಮೇಲೆ ಕರೆಸೋಣ ಎಂದಿದ್ದವರು ಆಮೇಲೆ ಅವಳ ಬಾಣಂತನ ಮುಗಿಯಲಿ ಎಂದರು. ಬಾಣಂತನ ಮುಗಿಯಿತು. ಯಾರೂ ಮಾತೆತ್ತಲಿಲ್ಲ. ಕಾಗದಗಳು ಆರು ತಿಂಗಳಿಗೊಂದಾದವು.

ಒಂದು ದಸರಾ ರಜೆಯಲ್ಲಿ ನಾನು ಸ್ನೇಹಿತೆಯ ಊರಿಗೆ ಎಂದು ಹೇಳಿ ಹೊರಟು, ಘಟ್ಟ ಇಳಿದು ಆಸ್ಪತ್ರೆ ಹುಡುಕಿಕೊಂಡು ಹೋದೆ. ಅಪ್ಪಯ್ಯ ಹಿಂದಿನ ತೋಟದಲ್ಲಿ ಬದನೆ ಗಿಡಗಳಿಗೆ ನೀರು ಹಾಕುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಗುರುತಿಸಲು ಹೊತ್ತಾಯಿತು. ಗುರುತಿಸಿದ ಮೇಲೆ ಸಂತೋಷಕ್ಕಿಂತ ಹೆಚ್ಚಾಗಿ ಗಾಬರಿಯಾಯಿತು.

"ಯಾರನ್ನ ಕೇಳಿ ಬಂದೆ?"

"ಯಾರನ್ನೂ ಕೇಳ್ಲಿಲ್ಲ."

"ಅವ್ವಂಗೆ ಗೊತ್ತಾ? ದಾರೀಲಿ ಯಾರಾದ್ರೂ ನೋಡಿದ್ರಾ?"

ಇಲ್ಲ ಎಂದೆ. ಇಬ್ಬರೂ ಬಾವಿಯ ಕಟ್ಟೆಯ ಮೇಲೆ ಕೂತೆವು. ಅಂದು ನಾನು ಹೇಳಿದ ಮಾತಿಗೆ ಕ್ಷಮೆ ಕೇಳಬೇಕೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಕೇಳಿದೆ. ಅವರು ನನ್ನ ತಲೆ ಮುಟ್ಟಲು ಕೈ ಎತ್ತಿ, ಅರ್ಧಕ್ಕೇ ಇಳಿಸಿದರು.

"ಇಲ್ಲಿ ಬಂದ ಮೇಲೆ ಡಾಕ್ಟ್ರ ಹತ್ರ ಒಂದು ಕೇಳಿದೆ ಮಗಾ. ಕೆರೆಯಾಚೆಯವನ ಕಥೆ ಹೇಳಿ, ಅವನಿಗೂ ಆವಾಗ ಔಷಧಿ ಇತ್ತಾ ಅಂತ. ಇತ್ತಂತೆ. ನಂಗೆ ಗೊತ್ತಿರ್ಲಿಲ್ಲ. ಗೊತ್ತಿಲ್ಲ ಅಂತ ಹೇಳ್ಬಹುದಿತ್ತು. ಅಷ್ಟು ಜನ ಬಂದು ಕೂತಾಗ ಆ ಮಾತು ಬಾಯಿಗೆ ಬರ್ತಿರ್ಲಿಲ್ಲ."

"ಮನೆಗೆ ಬನ್ನಿ ಅಪ್ಪಯ್ಯ. ಇವತ್ತೇ ಹೋಗನ. ಯಾರು ಎಂತ ಬೇಕಾದ್ರೂ ಅಂದ್ಕಳ್ಳಿ."

"ಬಂದು ಎಂತ ಮಾಡ್ಲಿ? ಜಗಲಿ ಮೇಲೆ ಕೂತ್ರೆ ಯಾರು ಬರ್ತಾರೆ? ನಿನ್ನ ತಂಗಿ ಗಂಡನ ಮನೆಗೆ ಗೊತ್ತಾದ್ರೆ ಅವಳ ಗತಿ?" ಹಾಗೆಂದು ಎದ್ದು ನಿಂತರು. "ನಾಕ್ ಗಂಟೆಗೆ ಬಸ್ಸಿದೆ. ಅದಕ್ಕೆ ಹೋಗು. ಕತ್ಲಾದ್ರೆ ಕಷ್ಟ."

ನಾನು ಅಳುತ್ತಾ ಜಗಳವಾಡಿದೆ. ಅವರು ಗೇಟಿನವರೆಗೆ ಬಂದು ನಿಂತರು. ಗೇಟು ದಾಟಿ ಬರಲಿಲ್ಲ.

ಮನೆಗೆ ಬಂದು ಅವ್ವನಿಗೆ ನಿಜ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. "ಬರ್ತಾರಂತಾ?" ಎಂದು ಕೇಳಿದಳು. ಬರಲ್ಲ ಎಂದೆ. ಅಕ್ಕಿ ಆರಿಸುವುದನ್ನು ಮುಂದುವರಿಸಿದಳು.

ಮುಂದಿನ ವರ್ಷ ಬೇಸಿಗೆಯ ಶುರುವಿನಲ್ಲಿ ಆಸ್ಪತ್ರೆಯಿಂದ ಮಾವನಿಗೆ ಕಾಗದ ಬಂತು. ಜ್ವರ ಬಂದು ನಾಲ್ಕು ದಿನ ಮಲಗಿ ತೀರಿಕೊಂಡರಂತೆ. ತಿಳಿಸಬೇಕಾದವರ ವಿಳಾಸ ಸಿಕ್ಕುವುದು ತಡವಾಯಿತು, ಸಂಸ್ಕಾರ ಅಲ್ಲೇ ಮಾಡಿದೆವು ಎಂದು ಬರೆದಿದ್ದರು. ಕಾಗದ ನಮ್ಮ ಕೈ ಸೇರುವಾಗ ಹನ್ನೊಂದು ದಿನವಾಗಿತ್ತು.

ಮಾವ, ಅವ್ವ, ನಾನು ಮತ್ತೆ ಕೂತೆವು. ಕಾಶಿಯಿಂದ ಸುದ್ದಿ ಬರಲು ಎಷ್ಟು ದಿನ ಬೇಕು, ಯಾರು ತಂದರು ಎಂದು ಹೇಳಬೇಕು, ಕ್ರಿಯೆಗೆ ತಂಗಿಯ ಗಂಡನನ್ನು ಕೂರಿಸುವುದೋ ದಾಯಾದಿಗಳನ್ನೋ, ಎಲ್ಲವನ್ನೂ ಯೋಚಿಸಿದೆವು. ತಂಗಿ ಮತ್ತೆ ಬಸುರಿ, ಅವಳ ಅತ್ತೆಯ ಮನೆಯಲ್ಲಿ ಎರಡು ವಾರ ಬಿಟ್ಟು ಒಂದು ಮದುವೆ ಇತ್ತು. ಅದು ಮುಗಿಯಲಿ ಎಂದರು ಮಾವ. ಅವ್ವ ಹೂಂ ಎಂದಳು. ನಾನೂ ಹೂಂ ಎಂದೆ.

ಆ ಮದುವೆ ಮುಗಿದು ಜನ ಚದುರುವವರೆಗೆ, ಇಪ್ಪತ್ತು ದಿನ, ಅವ್ವ ಬಳೆ ತೊಟ್ಟು ಕುಂಕುಮ ಇಟ್ಟುಕೊಂಡೇ ಓಡಾಡಿದಳು. ಬಾವಿಕಟ್ಟೆಯಲ್ಲಿ ಹೆಂಗಸರ ಜೊತೆ ಮಾತಾಡಿದಳು. ಒಂದು ಮುತ್ತೈದೆ ಊಟಕ್ಕೆ ಕರೆದವರಿಗೆ ಮೈ ಸರಿಯಿಲ್ಲವೆಂದು ಹೇಳಿಕಳಿಸಿದಳು. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತಾಗ ಅವಳ ಬೆರಳಿನಿಂದ ಕುಂಕುಮ ಮೂಗಿನ ಮೇಲೆ ಉದುರುತ್ತಿತ್ತು. ಅದನ್ನು ಒರೆಸಿ ಮತ್ತೆ ಇಡುತ್ತಿದ್ದಳು. ನಾನು ನೋಡಿಯೂ ನೋಡದ ಹಾಗೆ ಸ್ಕೂಲಿಗೆ ಹೊರಡುತ್ತಿದ್ದೆ.

ಇಪ್ಪತ್ತೊಂದನೆಯ ದಿನ ಮಾವ ಬೆಳಗಿನ ಬಸ್ಸಿಗೆ ಬಂದು, ಕೈಯಲ್ಲಿ ಒಂದು ಕಾಗದ ಹಿಡಿದು ಅಂಗಳದಲ್ಲಿ ನಿಂತರು. "ಇವತ್ತು ಹೇಳಬಹುದು ತಂಗಿ" ಎಂದು ಅವ್ವನಿಗೆ ಹೇಳಿದರು.

ಆಗ ಅವ್ವ ಅತ್ತಳು. ನೆರೆಮನೆಯವರು ಓಡಿ ಬಂದರು.